ವಯಸ್ಸು 43: ಲೆಕ್ಕದ ಕೆಲಸ ಬಿಟ್ಟು ಪೂರ್ತಿ ಅಡಕೆ ದೋಟಿ ಹಿಡಿಯಬಹುದೇ?

ಹಳೆಸೋಗೆ
ವಯಸ್ಸು 43, ಎತ್ತರ 5 ಅಡಿ 7 ಅಂಗುಲ, ತೂಕ 78 ಕೆಜಿ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಸಂಬಳ ಕೈಗೆ 38,000, ಅದರಲ್ಲಿ ಮನೆ ಬಾಡಿಗೆ 14,000. ಒಂದೇ ಕಂಪನಿಯಲ್ಲಿ 13 ವರ್ಷದ ಸೇವೆ. ಶಿರಸಿ ಕಡೆ ಮನೆ ಇದೆ, ಅಡಕೆ ತೋಟ ಅರ್ಧ ಎಕರೆಗೂ ಕಡಿಮೆ, ಹಾಗಾಗಿ ಅದನ್ನು ನಂಬಿ ಬರುವ ಮಾತಿಲ್ಲ. ಊರಲ್ಲಿ ಮರ ಹತ್ತಿ ಅಡಕೆ ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾಗಿದೆ. ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು) ಕೊಂಡು ಅಡಕೆ ಗೊನೆ ಕೊಯ್ಲು, ಕೊಳೆ ರೋಗಕ್ಕೆ ಮದ್ದು ಹೊಡೆಯುವುದು ಎರಡನ್ನೂ ಪೂರ್ಣಾವಧಿ ಮಾಡಬಹುದೇ? ಬಿಪಿ ಇಲ್ಲ. ಸಕ್ಕರೆ ಗಡಿಯಲ್ಲಿದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1. ಮಗಳು ಒಂಬತ್ತನೇ ತರಗತಿ. ಮೈ ತಡೆಯುತ್ತದೆಯೇ, ಸಂಸಾರ ನಡೆಯುತ್ತದೆಯೇ? ಕೆಲಸ ಗೊತ್ತಿರುವವರು ಹೇಳಿ. ‘ಮನಸ್ಸಿದ್ದರೆ ಮಾರ್ಗ’ ಎನ್ನುವವರಿಗೆ ಈಗಲೇ ಕೈ ಮುಗಿದಿದ್ದೇನೆ.

ಪೂಗದಮರ
ಮೊದಲು ಒಂದು ಸ್ಪಷ್ಟ ಆಗಲಿ ಮಾರಾಯ್ರೆ. ದೋಟಿ ಮಾತ್ರವಾ, ಮರ ಹತ್ತುವುದೂ ಉಂಟಾ? 43ಕ್ಕೆ ಹೊಸದಾಗಿ ಮರ ಹತ್ತಲು ಕಲಿಯುವುದು ಬೇಡ. ಮದ್ದು ಬಿಡುವುದು ಮಳೆಗಾಲದಲ್ಲಿ, ಆಗ ಮರದ ಮೈಯೆಲ್ಲ ಪಾಚಿ. ಅನುಭವಿಗಳು ಮರದಿಂದ ಮರಕ್ಕೆ ಬಗ್ಗಿಸಿಕೊಂಡು ದಾಟುತ್ತಾರೆ. ಆ ಅಂದಾಜು ಚಿಕ್ಕ ವಯಸ್ಸಿಂದ ಮೈಗೆ ಹತ್ತಿದ್ದು, ಶಿಬಿರದಲ್ಲಿ ಬರುವುದಲ್ಲ. ಮೇಲಿಂದ ನೋಡಿದರೆ ಗಟ್ಟಿ ಕಾಣುವ ಮರ ಬಿಸಿಲಿಗೆ ಸುಟ್ಟು ಒಳಗೆ ಟೊಳ್ಳಾಗಿರುತ್ತದೆ. ಮರ ಹತ್ತುವ ಬೈಕು (ಮರಕ್ಕೆ ಬಿಗಿದು ಕೂತು ಏರುವ ಯಂತ್ರ) ಉಂಟಲ್ಲ ಅಂತ ಯಾರಾದರೂ ಹೇಳಿಯಾರು. ಸ್ವಂತ ತೋಟಕ್ಕೆ ಸರಿ. ಕೂಲಿ ಕೆಲಸಕ್ಕೆ ಅದನ್ನು ಮರದಿಂದ ಮರಕ್ಕೆ ಹೊತ್ತು ಬಿಗಿಯುವಷ್ಟರಲ್ಲಿ ದಿನ ಹೋಗುತ್ತದೆ.

ಹಳೆಸೋಗೆ
ಹತ್ತುವುದಿಲ್ಲ. ದೋಟಿ ಮಾತ್ರ.

ಮೂರನೇ ಕೊಯ್ಲು
ಹಾಗಾದರೆ ದೋಟಿಯ ಬಗ್ಗೆ ಜನ ತಪ್ಪು ತಿಳಿಯುವ ಜಾಗದಿಂದಲೇ ಶುರು ಮಾಡೋಣ. ಅಂಗಡಿಯಲ್ಲಿ ಮಡಿಸಿದ ದೋಟಿ ಕೈಗೆ ಕೊಟ್ಟಾಗ ‘ಇಷ್ಟೇನಾ ಭಾರ’ ಅನ್ನಿಸುತ್ತದೆ. ಭಾರ ಕೆಜಿಯಲ್ಲಿಲ್ಲ, ವಾಲಿನಲ್ಲಿದೆ.

ಗೊನೆ ಕಣ್ಣಿನ ಮಟ್ಟದಿಂದ 13 ಮೀಟರ್ ಮೇಲಿದೆ ಅಂದುಕೊಳ್ಳಿ. ಬುಡದಿಂದ 2 ಮೀಟರ್ ದೂರ ನಿಂತರೆ ದೋಟಿ ಸುಮಾರು 9 ಡಿಗ್ರಿ ವಾಲುತ್ತದೆ, 4 ಮೀಟರ್ ದೂರ ನಿಂತರೆ 17. ಕೈಗೆ, ಹೆಗಲಿಗೆ ಬೀಳುವ ಎಳೆತ ಹೆಚ್ಚೂಕಡಿಮೆ ಎರಡು ಪಟ್ಟು. ಆದರೆ ಕುತ್ತಿಗೆಗೆ ಆಗುವ ಉಪಕಾರ 8 ಡಿಗ್ರಿ ಮಾತ್ರ. ಹೊಸಬರು ಕುತ್ತಿಗೆ ನೋಯುತ್ತದೆ ಅಂತ ಹಿಂದೆ ಹಿಂದೆ ಸರಿಯುತ್ತಾರೆ, ಸಂಜೆಗೆ ಮೊಣಕೈ ಹಿಡಿಯುತ್ತದೆ. ಒಂದೂವರೆ, ಎರಡು ಮೀಟರ್ ಅಂತರವೇ ಸರಿ. ಅದಕ್ಕಿಂತ ಹತ್ತಿರ ಹೋದರೆ ಗೊನೆ, ಹಾಳೆ ತಲೆ ಮೇಲೆ ಬೀಳುತ್ತವೆ. ಗಲ್ಲಕ್ಕೆ ಪಟ್ಟಿ ಬಿಗಿಯುವ ಹೆಲ್ಮೆಟ್ ಬೇಕೇ ಬೇಕು, ಬೀಳುವ ಗೊನೆಗೆ ಕೆಳಗೆ ಬಲೆ ಹಿಡಿಯುವ ಇಬ್ಬರಿಗೂ.

ದೋಟಿಯನ್ನು ನೆಲದ ಮೇಲೆ ಪೂರ್ತಿ ಉದ್ದ ಮಾಡಿ ಎತ್ತಬಾರದು. ನೆಟ್ಟಗೆ ನಿಲ್ಲಿಸಿ, ಮೇಲಿನ ತುಂಡಿನಿಂದ ಒಂದೊಂದೇ ಎಳೆದು ಲಾಕ್ ಬಿಗಿಯುತ್ತ ಏರಿಸಬೇಕು. ಇಳಿಸುವಾಗ ಕೆಳಗಿನ ತುಂಡಿನಿಂದ. ಲಾಕ್ ಸಡಿಲಿಸುವ ಕೈ ಅದರ ಕೆಳಗಿರಲಿ, ಮೇಲಿನ ತುಂಡನ್ನು ಇನ್ನೊಂದು ಕೈ ಹಿಡಿದಿರಲಿ. ಇಲ್ಲವಾದರೆ ತುಂಡು ಜಾರಿ ಅಂಗೈ ಚರ್ಮ ಸಂದಿಯಲ್ಲಿ ಸಿಗುತ್ತದೆ.

ಇನ್ನು ಕತ್ತಿ. ಗೊನೆಯ ಕಾವು ಮರಕ್ಕೆ ಸೇರುವ ಜಾಗದಲ್ಲಿ ಕೂರಿಸಿ ಒಂದೇ ಎಳೆತಕ್ಕೆ ಬರಬೇಕು. ಮೂರು ನಾಲ್ಕು ಸಲ ಜಗ್ಗಿದರೆ ಮೇಲಿನ ಸಿಂಗಾರಕ್ಕೆ (ಅಡಕೆ ಹೂಗೊನೆಗೆ) ಪೆಟ್ಟು, ಅಂದರೆ ಮುಂದಿನ ಫಸಲಿಗೆ ಪೆಟ್ಟು. ತೋಟದ ಯಜಮಾನರು ಇದನ್ನು ಮರೆಯುವುದಿಲ್ಲ. ಎಲ್ಲಕ್ಕಿಂತ ಕಷ್ಟ ಯಾವ ಗೊನೆ ಕೊಯ್ಯಬೇಕು ಎನ್ನುವುದು. ಮರದ ಮೇಲೆ ಕೂತ ಕೊನೆಗೌಡನಿಗೆ ಕಾಯಿ ಕೈಗೆ ಸಿಗುತ್ತದೆ. ನಿಮಗೆ 45 ಅಡಿ ಕೆಳಗಿಂದ, ಆಕಾಶದ ಬೆಳಕಿಗೆ ಎದುರಾಗಿ, ಕಪ್ಪು ನೆರಳಷ್ಟೇ ಕಾಣುತ್ತದೆ. ಕೆಂಪಡಕೆ (ಹಸಿರು ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು) ಮಾಡುವ ತೋಟದಲ್ಲಿ ಎಳೆಯದು ಕೊಯ್ದರೆ ತೂಕ ಹೋಯಿತು, ಬಿಟ್ಟು ಹಣ್ಣಾದರೆ ಕಡಿಮೆ ಬೆಲೆಯ ಗೋಟಿಗೆ ಹೋಯಿತು. ಚಾಲಿ (ಹಣ್ಣಡಕೆ ಬಿಸಿಲಿಗೆ ಒಣಗಿಸಿದ್ದು) ಮಾಡುವ ತೋಟಗಳಲ್ಲಿ ಬಣ್ಣ ನೋಡಿ ಹೇಳಬಹುದು, ಕಲಿಯಲು ಅದು ಸುಲಭ.

ಬೆನ್ನುಹುರಿ
ಫಿಸಿಯೋಥೆರಪಿ ದೃಷ್ಟಿಯಿಂದ ಹೇಳುತ್ತೇನೆ. ಈ ಕೆಲಸದಲ್ಲಿ ಮೊದಲು ಸೋಲುವುದು ಬೆನ್ನಲ್ಲ, ಕುತ್ತಿಗೆ. ಆಮೇಲೆ ಹೆಗಲು, ಮೊಣಕೈಯ ಹೊರಬದಿ.

ರಾಜೀನಾಮೆ ಯೋಚನೆಗೂ ಮೊದಲು ಒಂದು ಪರೀಕ್ಷೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ತಲೆ ಹಿಂದಕ್ಕೆ ಬಾಗಿಸಿ ಚಾವಣಿಯನ್ನು 30 ಸೆಕೆಂಡ್ ನೋಡಿ. ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ, ಕೈಬೆರಳಿಗೆ ಜುಮ್ಮೆನ್ನುವುದು ಇಳಿದರೆ ಅಲ್ಲಿಗೇ ನಿಲ್ಲಿಸಿ ಮೂಳೆ ಅಥವಾ ನರರೋಗದ ವೈದ್ಯರನ್ನು ಕಾಣಿ. ಕೈಗೆ ಜುಮ್ಮು ಇಳಿಯುವವರು ಈ ಕೆಲಸಕ್ಕೆ ಇಳಿಯಲೇಬಾರದು. ವ್ಯಾಯಾಮ ಮಾಡಿ ಸರಿ ಮಾಡಿಕೊಳ್ಳುತ್ತೇನೆ ಎನ್ನುವ ಜಾಗವಲ್ಲ ಅದು.

ನಿಮ್ಮ 6.1 ಮಧುಮೇಹವಲ್ಲ, ಅದರ ಹೊಸ್ತಿಲು. ಆದರೆ ಹೆಗಲು ಮರಗಟ್ಟುವ ತೊಂದರೆ 40ರಿಂದ 60ರೊಳಗೆ ಹೆಚ್ಚು, ಸಕ್ಕರೆ ಇರುವವರಿಗೆ ಇನ್ನೂ ಹೆಚ್ಚು. ಒಮ್ಮೆ ಹಿಡಿದರೆ ತಿಂಗಳುಗಟ್ಟಲೆ, ಕೆಲವರಿಗೆ ಒಂದೆರಡು ವರ್ಷ. ದೋಟಿಯವನಿಗೆ ಅದು ಎರಡು ಹಂಗಾಮು ಕಳೆದ ಹಾಗೆ. ಸಕ್ಕರೆ ಇಳಿಸುವುದನ್ನು ಆರೋಗ್ಯದ ಮಾತಾಗಿ ಅಲ್ಲ, ಬಂಡವಾಳದ ಮಾತಾಗಿ ನೋಡಿ. ಇಸಿಜಿ ಮಾಡಿಸಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನೇ ಕೇಳಿ.

ಕುರ್ಚಿಯಿಂದ ನೇರವಾಗಿ ಬರುವವರು ಮೂರನೇ ನಾಲ್ಕನೇ ವಾರದಲ್ಲಿ ಮೋಸ ಹೋಗುತ್ತಾರೆ. ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ, ‘ಒಗ್ಗಿತು’ ಅನ್ನಿಸುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಆ ನಡುವೆ ಏಕಾಏಕಿ ಕೆಲಸದ ಗಂಟೆ ಏರಿಸಿದರೆ ಮೊಣಕೈ ಹೋಗುತ್ತದೆ. ಮೊದಲ ವಾರ ದಿನಕ್ಕೆ 2 ಗಂಟೆ, ದಿನ ಬಿಟ್ಟು ದಿನ. ಎರಡನೇ ವಾರ 3 ಗಂಟೆ. ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. ರಾತ್ರಿಯ ನೋವು ಬೆಳಿಗ್ಗೆಗೆ ಇಳಿಯದಿದ್ದರೆ ಆ ವಾರ ಏರಿಸಬೇಡಿ. ಹತ್ತು ಗೊನೆಗೊಮ್ಮೆ ದೋಟಿಯನ್ನು ಮರಕ್ಕೆ ಒರಗಿಸಿ ಗಲ್ಲವನ್ನು ಎದೆಗೆ ತಾಗಿಸಿ ಅರ್ಧ ನಿಮಿಷ ನಿಲ್ಲಿ.

ಹಳೆಸೋಗೆ
ಬಂಡೆ ಹತ್ತುವವರಿಗೆ ಕೆಳಗೆ ನಿಂತು ಹಗ್ಗ ಹಿಡಿಯುವವರು ಪ್ರಿಸಂ ಕನ್ನಡಕ ಹಾಕುತ್ತಾರಂತೆ, ಎದುರು ನೋಡಿದರೂ ಮೇಲಿನದು ಕಾಣುತ್ತದಂತೆ. ದೋಟಿಗೆ ಆಗುತ್ತದೆಯೇ? ಓದುವುದಕ್ಕೆ ಪ್ರೋಗ್ರೆಸಿವ್ ಕನ್ನಡಕ ಇದೆ.

ಬೆನ್ನುಹುರಿ
ನೋಡುತ್ತ ನಿಲ್ಲುವ ಹೊತ್ತಿಗೆ ಆಗುತ್ತದೆ, ಕತ್ತಿ ಕೂರಿಸುವಾಗ ದೂರದ ಅಂದಾಜು ತಪ್ಪುತ್ತದೆ. ಅದನ್ನು ಹಾಕಿಕೊಂಡು ನಡೆಯಲೇಬಾರದು. ಪ್ರೋಗ್ರೆಸಿವ್ ಕನ್ನಡಕವೂ ತೋಟಕ್ಕೆ ಬೇಡ. ಅದರ ಕೆಳಭಾಗ ಓದುವುದಕ್ಕೆ ಇರುವುದು, ಬಗ್ಗಿ ಹೆಜ್ಜೆ ನೋಡಿದರೆ ಬಸಿಗಾಲುವೆಯ ಅಂಚು ಮಸುಕು. ದೂರದ ನಂಬರಿನ ಒಂದೇ ಗಾಜಿನ ಕನ್ನಡಕ ಬೇರೆ ಮಾಡಿಸಿ, ಬಳ್ಳಿ ಕಟ್ಟಿಕೊಳ್ಳಿ.

ಲೆಕ್ಕದ ಪುಸ್ತಕ
ಮೈಯದ್ದಾಯಿತು, ದುಡ್ಡಿಗೆ ಬರೋಣ. ಕೆಳಗಿನ ದರಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮೂರಿನದ್ದನ್ನು ಹಾಕಿ ನೋಡಿ.

ಈಗಿನ ಸಂಬಳ ವರ್ಷಕ್ಕೆ 4,56,000. ಬಾಡಿಗೆ 1,68,000 ಕಳೆದರೆ ಉಳಿಯುವುದು 2,88,000. ಇಪಿಎಫ್‌ಗೆ (ಭವಿಷ್ಯನಿಧಿಗೆ) ಕಂಪನಿ ತನ್ನ ಪಾಲು 15,000ದ ಮಿತಿಯ ಮೇಲೆ ಹಾಕುತ್ತಿದ್ದರೆ ತಿಂಗಳಿಗೆ 1,800, ವರ್ಷಕ್ಕೆ 21,600. ಒಟ್ಟು 3,09,600. ಊರಲ್ಲಿ ದೋಟಿ ಕೆಲಸಕ್ಕೆ ನಿಮ್ಮ ಕೈಗೆ ದಿನಕ್ಕೆ 1,500, ವರ್ಷಕ್ಕೆ 170 ದಿನ ಎಂದರೆ 2,55,000. ದೋಟಿ 80,000ಕ್ಕೆ ಕೊಂಡು ನಾಲ್ಕು ವರ್ಷ ಬಂತು ಎಂದರೆ ವರ್ಷಕ್ಕೆ 20,000. ಲಾಕು, ಕತ್ತಿ, ಪೈಪು, ಪೆಟ್ರೋಲು 15,000. ಕಂಪನಿಯ ಆರೋಗ್ಯ ವಿಮೆ ಹೋದ ಮೇಲೆ ಸ್ವಂತದ್ದು 25,000. ಉಳಿಯುವುದು 1,95,000. ಕೊರತೆ ವರ್ಷಕ್ಕೆ 1,14,600.

ಸರಿದೂಗಬೇಕಾದರೆ 247 ದಿನ ಕೆಲಸ ಬೇಕು, ಇಲ್ಲವೇ ದಿನಕ್ಕೆ 2,174 ಸಿಗಬೇಕು. ಗೊನೆ ಲೆಕ್ಕದಲ್ಲಿ ಹೇಳುವುದಾದರೆ, ಗೊನೆಗೆ 12 ರೂಪಾಯಿ, ಬಲೆ ಹಿಡಿಯುವ ಇಬ್ಬರಿಗೆ ತಲಾ 700 ಎಂದುಕೊಳ್ಳಿ. ನಿಮಗೆ 1,500 ಉಳಿಯಲು ದಿನಕ್ಕೆ 242 ಗೊನೆ. ಆರು ತಾಸಿನ ಕೆಲಸದಲ್ಲಿ ಗಂಟೆಗೆ 40, ಒಂದೂವರೆ ನಿಮಿಷಕ್ಕೊಂದು. ದೋಟಿ ಏರಿಸಿ ಇಳಿಸುವುದು, ಮುಂದಿನ ಮರಕ್ಕೆ ಹೋಗುವುದು ಎಲ್ಲ ಅದರಲ್ಲೇ. ಮೊದಲ ಹಂಗಾಮಿನಲ್ಲಿ ಇದರ ಅರ್ಧ ಬಂದರೂ ಆಶ್ಚರ್ಯ. ಹಾಗಾಗಿ ಮೊದಲ ವರ್ಷದ ಮನೆಖರ್ಚು ಪೂರ್ತಿ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಹೊರಡಬೇಡಿ.

ಪಿಂಚಣಿಯ ಮಾತು. 10 ವರ್ಷ ದಾಟಿರುವುದರಿಂದ ಇಪಿಎಸ್ (ಭವಿಷ್ಯನಿಧಿಯ ಜೊತೆಗಿನ ಯೋಜನೆ) ಪಿಂಚಣಿಗೆ ಅರ್ಹರು. ಬಿಡುವಾಗ ಸ್ಕೀಮ್ ಸರ್ಟಿಫಿಕೇಟ್ (ಸೇವೆಯ ವರ್ಷಗಳ ದಾಖಲೆ ಪತ್ರ) ತೆಗೆದುಕೊಳ್ಳಿ. 58ಕ್ಕೆ ಬರುವುದು ಹೆಚ್ಚೆಂದರೆ ತಿಂಗಳಿಗೆ 2,785 (15,000 × 13 ÷ 70). 58ರವರೆಗೆ ಇಲ್ಲೇ ಇದ್ದರೆ 28 ವರ್ಷದ ಸೇವೆ, 20 ದಾಟಿದ್ದಕ್ಕೆ ಇನ್ನೆರಡು ಸೇರಿ 6,400ರ ಆಸುಪಾಸು. ಗ್ರಾಚ್ಯುಟಿ: ಮೂಲ ವೇತನ 19,000 ಇದ್ದರೆ 15 ಭಾಗಿಸು 26, ಗುಣಿಸು 13, ಅಂದರೆ 1,42,500. ಅದರಲ್ಲಿ ದೋಟಿ ಕೊಳ್ಳಬೇಡಿ, ಅದು ಮಗಳ ಕಾಲೇಜಿಗೆ. ಅಟಲ್ ಪಿಂಚಣಿ, ಶ್ರಮಯೋಗಿ ಮಾನಧನ್ ಎರಡಕ್ಕೂ 40ಕ್ಕೇ ಬಾಗಿಲು ಮುಚ್ಚುತ್ತದೆ. ಉಳಿದದ್ದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ).

ಪೂಗದಮರ
170 ದಿನ ಎಲ್ಲಿಂದ ತಂದ್ರಿ? ಕ್ಯಾಲೆಂಡರ್ ಇಟ್ಟು ನೋಡಿ. ಮೊದಲ ಮದ್ದು ಮೇ ಕೊನೆಯಿಂದ, ಮಳೆ ಹಿಡಿಯುವ ಮೊದಲು. ಎಲ್ಲ ತೋಟದವರಿಗೂ ಅದೇ ಹತ್ತು ಹದಿನೈದು ದಿನದಲ್ಲಿ ಬೇಕು, ನೀವು ಒಬ್ಬರೇ. ಎರಡನೆಯದು 40-45 ದಿನ ಬಿಟ್ಟು, ಜುಲೈಯಲ್ಲಿ. ಆಗ ಹೊಳವಾಗುವುದನ್ನು (ಮಳೆ ಬಿಡುವು ಕೊಡುವುದನ್ನು) ಕಾಯಬೇಕು. ವಾರಗಟ್ಟಲೆ ಹೊಳವಾಗದಿದ್ದರೆ ಕೂಲಿಯೂ ಇಲ್ಲ, ಕೊಳೆ ರೋಗ (ಕಾಯಿ ಕೊಳೆತು ಉದುರುವುದು) ಬಂದರೆ ಬೈಗುಳ ಮಾತ್ರ ನಿಮಗೆ. ಕೊಯ್ಲು ನಿಮ್ಮ ಕಡೆ ಕೆಂಪಡಕೆಗೆ ಮಳೆ ಮುಗಿಯುತ್ತ ಶುರುವಾದರೆ, ನಮ್ಮ ಕಡೆ ಚಾಲಿಗೆ ನವೆಂಬರ್‌ನಿಂದ ಮಾರ್ಚ್. ನಡುವೆ ಫೆಬ್ರವರಿ ಮೇಲೆ ಕಾಳುಮೆಣಸು ಕೊಯ್ಲು. ಅದಕ್ಕೆ ಏಣಿ ಬೇಕು, ದೋಟಿಯಲ್ಲ. ಎಲೆಚುಕ್ಕಿ ರೋಗ ಬಂದ ತೋಟದಲ್ಲಿ ಸೋಗೆಗೂ (ಅಡಕೆ ಗರಿಗೂ) ಮದ್ದು ಹೊಡೆಯಬೇಕು, ಕೆಲಸ ಹೆಚ್ಚು. ಆದರೆ ಅದೇ ತೋಟದಲ್ಲಿ ಮುಂದೆ ಗೊನೆ ಕಡಿಮೆ. ಗೊನೆ ಲೆಕ್ಕದ ಕೂಲಿ ಇಟ್ಟುಕೊಂಡವರಿಗೆ ಆಗ ಪೆಟ್ಟು. ಗಂಟೆ ಲೆಕ್ಕ, ಗೊನೆ ಲೆಕ್ಕ ಎರಡೂ ಮಾತಾಡಿ ಇಟ್ಟುಕೊಳ್ಳಿ.

ಮದ್ದಿನ ವಿಷಯವೂ ಹೇಳಿಬಿಡುತ್ತೇನೆ, ಕೊಯ್ಲಿಗಿಂತ ಇದೇ ಕಷ್ಟ. ದೋಟಿ ತುದಿಗೆ ಪೈಪ್ ಕಟ್ಟಿದರೆ ಆ ಪೈಪಿನೊಳಗಿನ ಮದ್ದಿನ ಭಾರವೂ ನಿಮ್ಮದೇ. ಒಳವ್ಯಾಸ 8 ಮಿಲಿಮೀಟರ್ ಇದ್ದರೆ 20 ಮೀಟರಿಗೆ 1 ಲೀಟರ್, 10 ಮಿಲಿಮೀಟರ್ ಆದರೆ ಒಂದೂವರೆ ಮೀರುತ್ತದೆ. ಪೈಪಿನ ಸ್ವಂತ ತೂಕ ಬೇರೆ. ಇದೆಲ್ಲ ದೋಟಿಯ ಉದ್ದಕ್ಕೂ ತೂಗುವುದು. ಮೇಲಿನ ತುಂಡುಗಳಿಗೆ ಸಣ್ಣ ಪೈಪೇ ಇರಲಿ.

ಮದ್ದು ಎಂದರೆ ಬೋರ್ಡೋ ದ್ರಾವಣ, ಶೇಕಡಾ 1ರದ್ದು, ಅಂದರೆ 200 ಲೀಟರ್ ಬ್ಯಾರಲ್ಲಿಗೆ 2 ಕೆಜಿ ಮೈಲುತುತ್ತು, 2 ಕೆಜಿ ಒಳ್ಳೆಯ ಸುಣ್ಣ. 100 ಲೀಟರಿನಲ್ಲಿ ತುತ್ತು, 100ರಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಉಲ್ಟಾ ಮಾಡಬೇಡಿ. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನೂ ಸುಣ್ಣದ ನೀರು ಬೇಕು. ಅದೇ ದಿನ ಮುಗಿಸಬೇಕು, ಮರುದಿನಕ್ಕೆ ಇಟ್ಟದ್ದು ಅಂಟುವುದಿಲ್ಲ. ನೀವು ಕೆಳಗೆ ನಿಂತು ಬಾಯಿ ತೆರೆದು ಮೇಲೆ ನೋಡುವವರು, ಹೊಡೆದದ್ದರಲ್ಲಿ ಒಂದು ಪಾಲು ನಿಮ್ಮ ಮುಖಕ್ಕೇ. ಮುಖ ಪೂರ್ತಿ ಮುಚ್ಚುವ ಪಾರದರ್ಶಕ ಶೀಲ್ಡ್, ಅದರೊಳಗೆ ಕಣ್ಣಿಗೆ ಗಾಗಲ್ಸ್, ಕೈಗೆ ಗ್ಲೌಸ್. ಸಂಜೆ ದೋಟಿಯ ಲಾಕುಗಳನ್ನು ನೀರು ಹಾಕಿ ತೊಳೆಯದಿದ್ದರೆ ಸುಣ್ಣ ಗಟ್ಟಿಯಾಗಿ ಮರುದಿನ ತುಂಡು ಹೊರಗೇ ಬರುವುದಿಲ್ಲ.

ಲೆಕ್ಕದ ಪುಸ್ತಕ
ಒಪ್ಪಿದೆ. 170 ಬದಲು 140 ಹಾಕಿದರೆ ಕೊರತೆ 1,59,600.

ಕಂಬದ ಕೆಳಗೆ
ಇನ್ನೂ ಯಾರೂ ಎತ್ತಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ ಹರಿಯುವ ವಸ್ತು. ಬಿದಿರಿನ ದೋಟಿ ಅಂದುಕೊಂಡು ಹಿಡಿಯಬೇಡಿ. ತೋಟದ ಮೇಲೆ ಹಾದ 11 ಕೆವಿ ತಂತಿಗೆ ಮುಟ್ಟಲೂ ಬೇಕಿಲ್ಲ, ತೀರ ಹತ್ತಿರ ಹೋದರೂ ವಿದ್ಯುತ್ ಹಾರಬಹುದು. ಪಂಪಿನ ಮನೆಗೆ ಹೋಗುವ ಸರ್ವಿಸ್ ತಂತಿಯೂ ಕೊಲ್ಲುತ್ತದೆ. ‘ಹುಷಾರಾಗಿ ಕೊಯ್ಯುತ್ತೇನೆ’ ಎನ್ನುವುದು ನಿಯಮವಲ್ಲ. ದೋಟಿ ಕೈತಪ್ಪಿ ಯಾವ ಕಡೆಗೆ ಬಿದ್ದರೂ ತಂತಿ ತಾಗಬಾರದು, ಅಂದರೆ 18 ಮೀಟರ್ ಉದ್ದ ಮಾಡಿದ್ದರೆ 18 ಮೀಟರಿಗೂ ಹೆಚ್ಚು ದೂರ. ಅದಕ್ಕಿಂತ ಒಳಗಿನ ಮರಗಳಿಗೆ ಲೈನ್ ಬಂದ್ ಮಾಡಿಸಿಯೇ ಕೆಲಸ. ನಿಮ್ಮ ಕಡೆ ಹೆಸ್ಕಾಂ, ಸಾಗರ ಮತ್ತು ಕರಾವಳಿಯಲ್ಲಿ ಮೆಸ್ಕಾಂ ಶಾಖಾ ಕಚೇರಿ. ಹಿಂದಿನ ದಿನವೇ ಕೇಳಬೇಕು. ‘ಕರೆಂಟ್ ಹೋಗಿದೆ, ಈಗ ಕೊಯ್ದುಬಿಡಿ’ ಅಂತ ಯಜಮಾನರು ಅವಸರ ಮಾಡುತ್ತಾರೆ. ಹೋದ ಕರೆಂಟ್ ಯಾವ ನಿಮಿಷಕ್ಕೂ ಬರುತ್ತದೆ. ಹೊಸ ತೋಟಕ್ಕೆ ಹೋದ ಕೂಡಲೇ ದೋಟಿ ಬಿಚ್ಚದೆ ಒಂದು ಸುತ್ತು ನಡೆದು ತಂತಿ ಎಲ್ಲಿದೆ ನೋಡಿ. ಸೋಗೆ ಮರೆಯಲ್ಲಿ ಕಾಣುವುದಿಲ್ಲ.

ಮೂರನೇ ಕೊಯ್ಲು
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ದೋಟಿಯ ಮೈಯಲ್ಲಿ ಬಿರುಕು, ಸೀಳಿದ ಎಳೆ ಕಂಡರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಆ ತುಂಡು ಬದಲಿಸಿ. ಮೂರು ತುಂಡು ಮೇಲಿದ್ದಾಗ ಮುರಿದರೆ ಕತ್ತಿ ಸಮೇತ ಕೆಳಗೆ ಬರುತ್ತದೆ.

ಕಾಡಂಚು
ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನ ತೋಟಗಳಲ್ಲಿ ಉಣುಗು (ರಕ್ತ ಹೀರುವ ಹುಳ), ಅದರಿಂದ ಹರಡುವ ಮಂಗನ ಕಾಯಿಲೆ. ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಕೈಕಾಲಿಗೆ ಹಚ್ಚಿಕೊಂಡೇ ಇಳಿಯಿರಿ. ಕೊಯ್ಲಿನ ಹಂಗಾಮು ಅದೇ ಹೊತ್ತಿಗೆ ಬರುತ್ತದೆ.

ಲೆಕ್ಕದ ಪುಸ್ತಕ
ವಿಮೆ. ಅಪಘಾತ ಪಾಲಿಸಿ ತೆಗೆಯುವಾಗ ವೃತ್ತಿ ಕಾಲಂನಲ್ಲಿ ‘ಕೃಷಿ’ ಎಂದು ತೇಲಿಸಬೇಡಿ, ದೋಟಿಯಲ್ಲಿ ಅಡಕೆ ಕೊಯ್ಲು, ಔಷಧಿ ಸಿಂಪಡಣೆ ಎಂದೇ ಬರೆಸಿ. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ತೊಡಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, 2 ಲಕ್ಷ. ಜೀವನ್ ಜ್ಯೋತಿ 436 ರೂಪಾಯಿ, 2 ಲಕ್ಷ, 50 ವರ್ಷದೊಳಗೆ ಸೇರಬೇಕು. ಬಲೆ ಹಿಡಿಯುವವರಿಗೂ ಮಾಡಿಸಿ. ಕೇರ ಸುರಕ್ಷಾ ಇರುವುದು ತೆಂಗಿನ ಮರ ಹತ್ತುವವರಿಗೆ, ಅಡಕೆ ದೋಟಿಯವರು ಅದನ್ನು ನಂಬಿ ಕೂರಬಾರದು. ಕಂಪನಿಯ ಗುಂಪು ಆರೋಗ್ಯ ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಲು ರಾಜೀನಾಮೆಗೆ ಮೊದಲೇ ಬರೆದು ಕೇಳಿ. ಹೊಸದಾಗಿ ತೆಗೆದರೆ ಹಳೆ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಸಹಕಾರ ಸಂಘದ ಸದಸ್ಯತ್ವವಿದ್ದರೆ ಯಶಸ್ವಿನಿ ನೋಂದಣಿಯ ಅವಧಿ ತಪ್ಪಿಸಬೇಡಿ.

ಹಳೆಸೋಗೆ
ಹತ್ತು ವರ್ಷ ಆದ ಮೇಲೆ ಮೈ ಸೋತರೆ? ಎರಡು ದೋಟಿ ಇಟ್ಟು ಹುಡುಗರ ತಂಡ ನಡೆಸುವುದು ಅಂತ ಯೋಚನೆ.

ಪೂಗದಮರ
ಭಾವ, ಹುಡುಗರು ಸಿಗುತ್ತಿದ್ದರೆ ನಿಮಗೆ ಈ ಯೋಚನೆಯೇ ಬರುತ್ತಿರಲಿಲ್ಲ ಅಲ್ವಾ? ಕಲಿತ ಹುಡುಗ ಎರಡನೇ ವರ್ಷ ತನ್ನದೇ ದೋಟಿ ಕೊಳ್ಳುತ್ತಾನೆ.

ಮೂರನೇ ಕೊಯ್ಲು
ಪೂರ್ತಿ ಒಪ್ಪುವುದಿಲ್ಲ. ದೋಟಿ ಕೊಂಡವನಿಗೂ ಯಾವ ತೋಟ ಯಾವ ದಿನ, ಯಾರ ಮದ್ದಿಗೆ 40 ದಿನ ಆಯಿತು, ಯಾರ ಬಾಕಿ ಎಷ್ಟು ಎಂದು ಬರೆದಿಡಲು ಬರುವುದಿಲ್ಲ. ಈ ಕಸುಬು ಕೆಡುವುದು ಅಲ್ಲಿ. ಪ್ರಶ್ನೆ ಕೇಳಿದವರು ಲೆಕ್ಕದವರು. 60 ತೋಟದ ಪಟ್ಟಿ ಇಟ್ಟು, ಮೂರು ತಂಡಕ್ಕೆ ಸರದಿ ಹಚ್ಚಿ, ಮದ್ದಿನ ಸಾಮಾನು ಸಗಟಿನಲ್ಲಿ ತರುವವರಿಗೆ ಮಲೆನಾಡಲ್ಲಿ ಕೆಲಸ ಉಂಟು. ಆದರೆ ಸ್ವತಃ ಎರಡು ಹಂಗಾಮು ದೋಟಿ ಹಿಡಿಯದೆ ಅದಕ್ಕೆ ಕೂತರೆ ಯಜಮಾನರೂ ನಂಬುವುದಿಲ್ಲ, ಹುಡುಗರೂ ಕೇಳುವುದಿಲ್ಲ.

ಹಳೆಸೋಗೆ
ಹಾಗಾದರೆ ಬಿಡುವ ಮೊದಲು ರಜೆ ಹಾಕಿ ನೋಡುವುದು. 18 ದಿನ ಗಳಿಕೆ ರಜೆ ಇದೆ. ಯಾವ ತಿಂಗಳು?

ಮೂರನೇ ಕೊಯ್ಲು
ಒಂದೇ ಸಲ ಮುಗಿಸಬೇಡಿ. ಹತ್ತು ದಿನ ನವೆಂಬರ್‌ನಲ್ಲಿ, ಯಾವುದಾದರೂ ತಂಡದ ಜೊತೆ. ಮೊದಲ ಎರಡು ದಿನ ಬಲೆ ಹಿಡಿಯಿರಿ, ಗೊನೆ ಗುರುತಿಸುವುದು ಕೆಳಗಿಂದಲೇ ಕಲಿಯಬೇಕು. ಆಮೇಲೆ ದೋಟಿ, ಬೆನ್ನುಹುರಿಯವರು ಹೇಳಿದ ಗಂಟೆ ಮೀರದಂತೆ. ದಿನವೂ ಗಂಟೆಗೆ ಎಷ್ಟು ಗೊನೆ, ತಪ್ಪು ಗೊನೆ ಎಷ್ಟು, ಬೆಳಿಗ್ಗೆ ಕುತ್ತಿಗೆ ಹೇಗಿದೆ ಎಂದು ಬರೆದಿಡಿ. ಉಳಿದ ಎಂಟು ದಿನ ಜುಲೈಗೆ, ಎರಡನೇ ಮದ್ದಿಗೆ. ಕೊಯ್ಲಿನಲ್ಲಿ ಖುಷಿಪಟ್ಟು ಬಂದವರು ಮದ್ದಿನಲ್ಲಿ ಬಿಟ್ಟು ಹೋಗುತ್ತಾರೆ. ವಿಟ್ಲದ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಶಿರಸಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ದೋಟಿ ತರಬೇತಿ ಇದೆಯೇ ಎಂದು ಮೊದಲೇ ವಿಚಾರಿಸಿ. ಅಲ್ಲಿಯವರೆಗೆ ದೋಟಿ ಕೊಳ್ಳಬೇಡಿ, ಬಾಡಿಗೆಗೆ ತನ್ನಿ.

ಬೆನ್ನುಹುರಿ
ನವೆಂಬರ್‌ಗೆ ಮೊದಲು ಎಚ್‌ಬಿಎ1ಸಿ ಇನ್ನೊಮ್ಮೆ. ಮೂರು ತಿಂಗಳು ಬಿಟ್ಟು ಮಾಡಿಸಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ.